ಸೇತುವೆ ರಸ್ತೆ ಸುರಕ್ಷಿತ ಎಂದವರು ಯಾರು?

ಮಾನ್ಯ ವಾರ್ತಾಧಿಕಾರಿಗಳೇ,

ಸೇತುವೆ ರಸ್ತೆ ಸುರಕ್ಷಿತವಾಗಿದೆ ಎಂದು ನನಗೆ ಹೇಳಿದವರು ನೀವು. ಅದನ್ನು ನಂಬಿ ಹೊರಟ ನನ್ನ ನೆರೆಯವರು ಅದೇ ಸೇತುವೆಯ ಮೇಲೆ ಗುಂಡೇಟು ತಿಂದ ಮೇಲೆ, ‘ನಾವು ಹಾಗೆ ಹೇಳಿಯೇ ಇಲ್ಲ, ಒಂದು ನಿರ್ದಿಷ್ಟ ಧರ್ಮಕ್ಕೆ ಸೇರಿದ ವರದಿಗಾರ್ತಿ ವದಂತಿ ಹಬ್ಬಿಸಿದ್ದಾರೆ’ ಎಂದು ಪ್ರಕಟಣೆ ಹೊರಡಿಸಿದವರೂ ನೀವೇ. ಆ ಧರ್ಮಕ್ಕೊಂದು ಹೆಸರಿದೆ, ಸ್ವಾಮಿ. ನಾನು ಕ್ರೈಸ್ತಳು. ಹೇಳಲು ಸಂಕೋಚವೇಕೆ? ನಿಮ್ಮ ಕೋಣೆಯಲ್ಲಿ ಕೂರಿಸಿ, ಕೈಯಾರೆ ಚಹಾ ಬಗ್ಗಿಸಿ ಕೊಟ್ಟು, “ಈ ಗಲಭೆಯಲ್ಲಿ ನೀವು ಆ ಕಡೆಯವರೂ ಅಲ್ಲ, ಈ ಕಡೆಯವರೂ ಅಲ್ಲ. ನೀವು ಬರೆದ್ರೆ ಎಲ್ರೂ ನಂಬ್ತಾರೆ ಮೇಡಂ” ಎಂದಿರಲ್ಲ, ಅಂದು ಅದೇ ಧರ್ಮ ನಿಮ್ಮ ಕೆಲಸಕ್ಕೆ ಬಂದಿತ್ತು.

ನಾನು ಬರೆದೆ. ಗಲಭೆಗೆ ಹೆದರಿ ಊರಾಚೆಯ ಶಿಬಿರ ಸೇರಿದ್ದ, ನಮ್ಮ ಕೆಳಮನೆಯ ಟೈಲರ್ ಓದಿದ. “ನಿಮ್ಮ ಪೇಪರಿನಲ್ಲಿ ತಾರೀಕೊಂದೇ ನಿಜ” ಎಂದು ಮೂರು ವರ್ಷ ನನ್ನನ್ನು ರೇಗಿಸಿದ ಮನುಷ್ಯ, ಆ ದಿನ ಮಾತ್ರ ಪೂರ್ತಿ ನಂಬಿಬಿಟ್ಟ. ಸಂಜೆ ಅವನ ಹೆಂಡತಿ ಫೋನ್ ಮಾಡಿದಳು.

“ಅಕ್ಕಾ, ನಾಳೆ ಬೆಳಿಗ್ಗೆ ಹೊರಡೋಣ ಅಂತಿದಾರೆ. ನಿಜವಾಗ್ಲೂ ಬರಬಹುದಾ?”

“ಧೈರ್ಯವಾಗಿ ಬಾರಮ್ಮ. ನಾನೇ ಬರೆದಿದೀನಲ್ಲ!”

ಟೈಲರ್ ಸೇತುವೆ ದಾಟಲಿಲ್ಲ. ಅವನ ಹೆಂಡತಿಯ ತೊಡೆಗೆ ಗುಂಡು ತಗುಲಿತು. ಆಸ್ಪತ್ರೆಯಲ್ಲಿ ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಅಕ್ಕಾ, ನಿಮಗೆ ಗೊತ್ತಿರಲಿಲ್ಲ ಅಲ್ವಾ?” ಎಂದಳು. ಇಲ್ಲ ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ನಿಮಗೆ ಗೊತ್ತಿತ್ತು. ಸೇತುವೆಯ ಕಾವಲು ತೆಗೆಯುವ ಆದೇಶದ ಪ್ರತಿ, ನೀವು ನನಗೆ ಚಹಾ ಕೊಟ್ಟ ಹಿಂದಿನ ದಿನವೇ ನಿಮ್ಮ ಮೇಜಿಗೆ ಬಂದಿತ್ತು. ಸ್ವೀಕರಿಸಿದ್ದಕ್ಕೆ ನೀವು ಹಾಕಿದ ಸಹಿಯನ್ನು ನಾನು ಆಮೇಲೆ ಕಣ್ಣಾರೆ ಕಂಡಿದ್ದೇನೆ. ಮೇಲಿನ ಅಧಿಕಾರಿಗಳು ಪರಿಶೀಲನೆಗೆ ಬರುವಷ್ಟರಲ್ಲಿ ಶಿಬಿರ ಖಾಲಿಯಾಗಬೇಕಿತ್ತು, ಊರು ಶಾಂತವಾಗಿದೆ ಎಂದು ತೋರಿಸಬೇಕಿತ್ತು. ಆಯಿತಲ್ಲ? ಟೈಲರ್ ಅಂಗಡಿಯಂತೂ ಈಗ ಬಹಳ ಶಾಂತವಾಗಿದೆ.

ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ. ಕಚೇರಿಯಿಂದ ಸೇತುವೆಗೆ ಅರ್ಧ ಗಂಟೆಯ ನಡಿಗೆ. ನಾನು ಹೋಗಿ ನೋಡಲಿಲ್ಲ. ಇದನ್ನು ಚರ್ಚಿನಲ್ಲಿ ಮಂಡಿಯೂರಿ ಹೇಳಿಕೊಂಡೆ. ಪಾದ್ರಿಗಳು, “ಆ ಅಧಿಕಾರಿಯನ್ನೂ ಕ್ಷಮಿಸಿಬಿಡಮ್ಮ” ಎಂದರು.

“ಫಾದರ್, ಅವರು ತಪ್ಪೇ ಮಾಡಿಲ್ಲ ಅಂತಿದಾರೆ. ಯಾವುದನ್ನ ಅಂತ ಕ್ಷಮಿಸಲಿ?” ಎಂದೆ.

ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಪ್ರಕಟಣೆಯನ್ನು ಹಿಂತೆಗೆದುಕೊಳ್ಳಿ. ರಸ್ತೆ ಸುರಕ್ಷಿತವೆಂದು ಹೇಳಿದವರು ಯಾರು, ಕಾವಲಿಲ್ಲವೆಂದು ಗೊತ್ತಿದ್ದವರು ಯಾರು ಎಂಬುದನ್ನು ಕಚೇರಿಯ ಮೊಹರು ಹಾಕಿ ಬರೆಯಿರಿ. ನನಗೆ ಕಳಿಸಬೇಡಿ. ಹೆಂಗಸರ ವಾರ್ಡಿಗೆ ನೀವೇ ಹೋಗಿ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿರುವ ಆ ಹೆಣ್ಣುಮಗಳ ಕೈಗೆ ಕೊಡಿ. ನಾನು ಬರೆದದ್ದನ್ನು ಅವಳು ಇನ್ನು ಓದುವುದಿಲ್ಲ.

ಇಂತಿ,
ಹೋಗಿ ನೋಡದೆ ಬರೆದ ವರದಿಗಾರ್ತಿ