ಒಂದೇ ತರದ ಮರಗಳು

ಆಗಸ್ಟ್ ೧೨, ಮಂಗಳವಾರ

ನರ್ಸರಿಯ ಹೊಸ ಕಂಪ್ಯೂಟರ್‌ನಲ್ಲಿ ಖಾತೆ ತೆರೆದು, ಬೀಜದ ಕಾಯಿ ಕೊಡುವ ತೆಂಗಿನ ಮರಗಳ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಹಾಕುತ್ತಿದ್ದೆ. ಜಾಗ ಸಾಲದು, ಇನ್ನೂರು ಫೋಟೊ ಒಂದೇ ತರ ಇವೆ, ಅಳಿಸಲೇ ಎಂದು ಕೇಳಿತು. ನನಗೂ ಹಾಗೇ ಕಂಡವು. ಇನ್ನೇನು ಹೌದು ಎಂದು ಒತ್ತಿಬಿಡುತ್ತಿದ್ದೆ.

ಮರ ಹತ್ತುವ ಮರುಳಪ್ಪನವರು ಹಿಂದೆಯೇ ನಿಂತಿದ್ದರು. "ತಡಿಯವ್ವ, ಒಂದೇ ತರ ಅಂತ ಯಾರಂದೋರು? ಇದು ಗಾಳಿಗೆ ತೊನೆಯೋದು, ಇದು ಗಿಣಿಗೂಡಿಂದು..." ಒಂದರ ಮೇಲೆ ಬೆರಳಿಟ್ಟರು. ಹೋದ ವರ್ಷ ಸಿಡಿಲಿಗೆ ಸುಟ್ಟ ಮರ. "ಇದು ಇಲ್ಲಾದ್ರೂ ಇರ್ಲಿ ಬುಡವ್ವ."

ಹಳೆಯ ಕಂಪ್ಯೂಟರ್‌ನಿಂದ ಇವುಗಳ ಜೊತೆಗೇ ಕ್ಲೌಡ್‌ಗೆ ಬಂದಿದ್ದ ನನ್ನ ಮದುವೆಯ ಫೋಟೊಗಳನ್ನು ಅಳಿಸಿ ಜಾಗ ಮಾಡಿದೆ. ನಿಜಕ್ಕೂ ಒಂದೇ ತರ ಇದ್ದದ್ದು ಅವು.

ಬರೆಯುತ್ತಿರುವಾಗಲೇ ನಿದ್ದೆ ಎಳೆಯುತ್ತಿದೆ. ಕಣ್ಣು ಮುಚ್ಚಿದರೆ ಮರಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಸಿಡಿಲಿನ ಮರದಲ್ಲಿ ಎಳನೀರು ತೂಗುತ್ತಿದೆ. ಮರುಳಪ್ಪನವರು ಹತ್ತುತ್ತಿದ್ದಾರೆ, ಇನ್ನೂ ಹತ್ತುತ್ತಲೇ...