ಶಶಿಕಿರಣ್ ಓಡಿಹೋಗಿಲ್ಲ

ಕೈಲಾಂಚ, ಮಂಗಳವಾರ

ಕುಸ್ತಿ ಪ್ರದರ್ಶನ ನಡೆಸುವ ಚನ್ನಲಿಂಗಪ್ಪನವರಿಗೆ ನಮಸ್ಕಾರ.

ಆರು ವರ್ಷದಿಂದ ನಿಮ್ಮ ಪ್ರದರ್ಶನ ನೋಡುತ್ತಿದ್ದೇನೆ. ಗೆಲ್ಲುವವರು ಯಾರೆಂದು ನೀವು ಮೊದಲೇ ಬರೆದಿಡುವುದು ಗೊತ್ತು. ಗೆಳೆಯನೇ ಬೆನ್ನಿಗೆ ಕುರ್ಚಿಯಿಂದ ಹೊಡೆದ ಕಥೆಗೆ ನಾನೂ ಅತ್ತಿದ್ದೇನೆ. ಆದರೆ ಮೈಗೆ ಬೀಳುವ ಪೆಟ್ಟು ಸುಳ್ಳಲ್ಲ.

ತಲೆಕೆಳಗಾಗಿ ಎತ್ತಿ ಕುಕ್ಕುವ ಪಟ್ಟಿನಲ್ಲಿ ಎತ್ತಿದವನ ಮಂಡಿ ಮೊದಲು ನೆಲ ಮುಟ್ಟಬೇಕು, ಇನ್ನೊಬ್ಬನ ತಲೆ ಗೇಣು ಮೇಲೆಯೇ ಉಳಿಯಬೇಕು. ಕನಕಪುರದ ಪಂದ್ಯದಲ್ಲಿ ಎತ್ತಿದ್ದ ಪುನೀತನ ಕೈ ಬೆವರಿಗೆ ಜಾರಿತು. ತಲೆ ನೆಲಕ್ಕೆ ಬಡಿದು ನನ್ನ ಗಂಡ ಶಶಿಕಿರಣ್ ಮೇಲೇಳಲಿಲ್ಲ. ಜನ ಅದನ್ನೂ ನಟನೆಯೆಂದು ಶಿಳ್ಳೆ ಹೊಡೆದರು. ಪುನೀತ್ ಮನೆಗೆ ಬಂದು ಅತ್ತು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ನಿಮ್ಮ ಮೇಲೆ. ಮರುವಾರ ಮಾಗಡಿಯಲ್ಲಿ ಮೈಕ್ ಹಿಡಿದು, "ಶಶಿ ಹೆದ್ರಿ ಊರು ಬುಟ್ಟು ಓಡೋಗವ್ನೆ!" ಎಂದಿರಲ್ಲ, ಕತ್ತಿಗೆ ಪಟ್ಟಿ ಬಿಗಿದುಕೊಂಡು ಅಲ್ಲಾಡದೆ ಮಲಗಿರುವವರು ಎಲ್ಲಿಗೆ ಓಡಿದರು? ಹಾಲಿನ ಡೇರಿಗೆ ಹೋದರೆ ಹೆಂಗಸರು, "ನಿನ್ ಗಂಡ ಎಲ್ ಅವಿತ್ಕಂಡವ್ನಮ್ಮಿ?" ಎಂದು ನಗುತ್ತಾರೆ. ಮನೆಗೆ ಬಂದು ಇವರಿಗೆ ಹೇಳಿದೆ. "ಬುಡಮ್ಮಿ, ಕಥೆ ತಾನೆ," ಎಂದು ಕಣ್ಣು ಮುಚ್ಚಿಕೊಂಡರು.

ಭಾನುವಾರ ಚನ್ನಪಟ್ಟಣದಲ್ಲಿ ಮೊದಲ ಪಂದ್ಯಕ್ಕೂ ಮುಂಚೆ, ಕನಕಪುರದಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿ. ಆ ಪಟ್ಟನ್ನು ಇನ್ನು ಯಾರ ಕೈಲೂ ಹಾಕಿಸಬೇಡಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ನೀವು ಹೇಳದಿದ್ದರೆ ಹಗ್ಗ ದಾಟಿ ಬಂದು ನಾನೇ ಮೈಕ್ ತೆಗೆದುಕೊಳ್ಳುತ್ತೇನೆ. ಅದು ನೀವು ಬರೆದ ಕಥೆಯಲ್ಲಿ ಇರುವುದಿಲ್ಲ.

ಇಂತಿ,
ದ್ರಾಕ್ಷಾಯಿಣಿ ಶಶಿಕಿರಣ್