ಬೆಳಗಿನ ಮೋಟಾರು ನನ್ನ ಪಾಳಿ

ಸೋಮವಾರ, ಬೆಳಗ್ಗೆ

ಹೆತ್ತ ತಾಯಿಗೇ ಕಾವಲು ಹಾಕುವ ನನ್ನ ಮುದ್ದಿನ ಪೊಲೀಸಮ್ಮನಿಗೆ,

ಅಮ್ಮನ ಆಶೀರ್ವಾದ. ಅದರ ಹಿಂದೆಯೇ ಅಮ್ಮನ ಸಿಟ್ಟೂ ಬರುತ್ತಿದೆ, ಎರಡನ್ನೂ ಒಟ್ಟಿಗೆ ತೆಗೆದುಕೋ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ, ನಾನು ಕರಗಿಹೋಗುತ್ತೇನೆ. ಕಾಗದದಲ್ಲಾದರೆ ನಾನೊಬ್ಬಳೇ ಮಾತಾಡಬಹುದು.

ನನ್ನ ಬೆನ್ನ ಹಿಂದೆ ಮೇಷ್ಟ್ರಿಗೆ ಫೋನು ಮಾಡಿದ್ದೀಯ. ಅಮ್ಮನಿಗೆ ವಯಸ್ಸಾಯಿತು, ಟ್ಯಾಂಕಿನ ಏಣಿಯಿಂದ ಬಿದ್ದಿದ್ದಾಳೆ, ಇನ್ನು ಮೇಲೆ ಅವಳಿಗೆ ಯಾವ ಕೆಲಸವನ್ನೂ ಕೊಡಬೇಡಿ ಎಂದೆಯಂತೆ. ಈ ವರ್ಷ ನಮ್ಮ ಹನ್ನೊಂದು ಮನೆಗಳಿಗೆ ಅವರೇ ಅಧ್ಯಕ್ಷರು. ಜೀವನವಿಡೀ ಮಕ್ಕಳಿಗೆ ರಜೆ ಕೊಟ್ಟು ಅಭ್ಯಾಸ, ನನಗೂ ಕೊಟ್ಟುಬಿಟ್ಟರು. ದಿನಾ ಬೆಳಗ್ಗೆ ಮೋಟಾರು ಹಾಕಿ ಎಲ್ಲರ ಟ್ಯಾಂಕು ತುಂಬಿಸುವುದು, ಏಣಿ ಹತ್ತಿ ಅದನ್ನು ನೋಡುವುದು ನನ್ನ ಪಾಳಿಯಲ್ಲವೆ, ಆ ಮೋಟಾರು ಕೋಣೆಯ ಕೀಲಿಯನ್ನು ನನ್ನಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಮಗಳು ಹೇಳಿದಾಳಲ್ಲಮ್ಮ, ಇನ್ಮೇಲೆ ನೀವು ಆರಾಮಾಗಿ ಕೂತು ನೋಡ್ಕೊಳ್ಳಿ ಸಾಕು ಎಂದರು.

ಇಲ್ಲಿಯ ರೀತಿ ಗೊತ್ತಿದ್ದೂ ನೀನು ಹೀಗೆ ಮಾಡಿದೆಯಲ್ಲ, ಅದೇ ನನ್ನ ಸಂಕಟ. ಒಂದೇ ಅಂಗಳ, ಒಂದೇ ಊಟದ ಮನೆ, ಆಳುಕಾಳು ಯಾರೂ ಇಲ್ಲ. ಗೋಡೆಗೆ ಸುಣ್ಣ ಬಳಿಯುವುದರಿಂದ ಹಿಡಿದು ಸೋರುವ ನಲ್ಲಿಗೆ ವಾಷರ್ ಹಾಕುವವರೆಗೆ ಎಲ್ಲದಕ್ಕೂ ನಮ್ಮದೇ ಕೈ. ತಿಂಗಳಿಗೊಂದು ಭಾನುವಾರ ಎಲ್ಲರೂ ಸೇರಿ ದುಡಿಯುತ್ತೇವೆ, ಊಟ ಮಾಡುತ್ತೇವೆ, ಆಮೇಲೆ ಸಭೆ. ಅವತ್ತು ಕೈ ಕೊಳೆ ಮಾಡಿಕೊಳ್ಳದವರು ಸಭೆಯಲ್ಲಿ ಕೈ ಎತ್ತುವ ಹಾಗಿಲ್ಲ. ಈ ನಿಯಮ ತಂದಾಗ ಹೌದೌದು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ನಿನ್ನ ಒಂದು ಫೋನಿನಿಂದ ನನ್ನ ಕೆಲಸ ಹೋಯಿತು, ಮಾತೂ ಹೋಯಿತು. ಉಳಿದದ್ದು ಊಟ ಮಾತ್ರ.

ನಿನ್ನೆ ಆ ಭಾನುವಾರ. ಅಂಗಳದ ನಡುವೆ ನನಗೊಂದು ಕುರ್ಚಿ ಹಾಕಿದರು, ಬೆನ್ನಿಗೆ ದಿಂಬು ಬೇರೆ. ಆಯುಷ್ಯವೆಲ್ಲ ಬಸ್ಸಿನಲ್ಲಿ ನಿಂತೇ ಟಿಕೆಟ್ ಕೊಟ್ಟ ಕಂಡಕ್ಟರಮ್ಮ ನಾನು, ಕೂತು ನೋಡುವುದು ನನಗೆ ಬಂದರೆ ತಾನೆ! ಮೇಲಿನ ಮನೆಯ ನರ್ಸಮ್ಮ ಬಣ್ಣದ ಡಬ್ಬ ಹಿಡಿದು ಹೋದಳು, ನನ್ನನ್ನು ನೋಡಿ ನಕ್ಕಳು. ಪಕ್ಕದ ಮನೆಯ ಬೇಕರಿಯವನು ಮರಳಿನ ಚೀಲ ಹೊತ್ತು ಹೋದ, ಅವನೂ ನಕ್ಕ. ಬೇರೆ ಸಲವಾಗಿದ್ದರೆ ಅಮ್ಮಾ ಆ ಸುತ್ತಿಗೆ ಕೊಡಿ, ಈ ತುದಿ ಹಿಡ್ಕೊಳ್ಳಿ, ಅಯ್ಯೋ ಹಾಗಲ್ಲ ಹೀಗೆ ಎಂದು ನನ್ನ ತಲೆ ತಿನ್ನುವ ಜನ. ನಿನ್ನೆ ಒಬ್ಬರೂ ಏನೂ ಕೇಳಲಿಲ್ಲ. ಮನೆಗೆ ಬಂದ ನೆಂಟರಿಗೆ ತೋರಿಸುವ ನಗು ಅದು. ಮಧ್ಯಾಹ್ನ ಮೊದಲ ತಟ್ಟೆ ನನಗೇ ಬಡಿಸಿದರು, ದುಡಿದು ಬೆವರಿದವರೆಲ್ಲ ಇನ್ನೂ ನಿಂತೇ ಇದ್ದರು. ಮಗಳೇ, ಆ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದೆ. ನನಗೆ ಅವಮಾನವಾಯಿತು. ಹಾಗೆಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಎದ್ದೆ. ಕುರ್ಚಿಯನ್ನು ದರದರ ಎಳೆದುಕೊಂಡು ದೊಡ್ಡ ಗೇಟಿನ ಹತ್ತಿರ ಹೋದೆ. ಅದರ ತುಕ್ಕು ಕೆರೆಯುವ ಕೆಲಸವನ್ನು ಎಲ್ಲರೂ ಈ ತಿಂಗಳಿಂದ ಮುಂದಿನ ತಿಂಗಳಿಗೆ ತಳ್ಳುತ್ತಲೇ ಬಂದಿದ್ದಾರೆ. ತಂತಿಯ ಬ್ರಷ್ ಹಿಡಿದು ಶುರು ಮಾಡಿದೆ. ಕೂತ್ಕೊಳ್ಳಿ ಎಂದರಲ್ಲ, ಕೂತೇ ಕೆರೆದೆ. ಆ ಕರಕರ ಸದ್ದಿಗೆ ಒಳಗೆ ಊಟಕ್ಕೆ ಕೂತವರ ಹಲ್ಲು ಜುಮ್ಮೆಂದಿರಬೇಕು, ಮೇಷ್ಟ್ರು ಎಂಜಲು ಕೈಯಲ್ಲೇ ಓಡಿಬಂದರು. ಇದೇನಮ್ಮಾ ಇದು, ನಿಮ್ಮ ಮಗಳಿಗೆ ನಾನೇನು ಉತ್ತರ ಕೊಡ್ಲಿ ಎಂದರು. ಅವಳು ನನ್ನ ಹೊಟ್ಟೇಲಿ ಹುಟ್ಟಿದ್ದು ಮೇಷ್ಟ್ರೇ, ನಾನು ಅವಳ ಹೊಟ್ಟೇಲಿ ಹುಟ್ಟಿದ್ದಲ್ಲ ಎಂದೆ. ಹಾಗಾದರೆ ಅವಳ ಒಪ್ಪಿಗೆ ತಂದುಬಿಡಿ, ಆಮೇಲೆ ನೋಡೋಣ ಎಂದರು. ಒಪ್ಪಿಗೆಯಂತೆ ಒಪ್ಪಿಗೆ! ನಾನು ಬ್ರಷ್ ನಿಲ್ಲಿಸಲಿಲ್ಲ.

ಸಭೆಗೆ ಹೋಗುವಾಗ ಮೊಣಕೈವರೆಗೂ ತುಕ್ಕು. ಬೇಕೆಂದೇ ತೊಳೆಯಲಿಲ್ಲ. ಆ ಕೈಯನ್ನೇ ಎತ್ತಿ, ಬೆಳಗಿನ ಮೋಟಾರು ನನಗೆ ವಾಪಸ್ ಬೇಕು, ಯಾರ ಒಪ್ಪಿಗೆಯನ್ನೂ ನಾನು ತರುವುದಿಲ್ಲ ಎಂದೆ. ಏಣಿ ಹತ್ತುವುದನ್ನು ಬೇಕಾದರೆ ಬೇರೆಯವರಿಗೆ ಕೊಡಿ, ನನ್ನ ಕಾಲಿಗೆ ತಕ್ಕ ಕೆಲಸ ಕೊಡಿ, ಬಿಟ್ಟಿ ಊಟಕ್ಕೆ ಮಾತ್ರ ಕೂರಿಸಬೇಡಿ ಎಂದೆ. ಮೊದಲು ಕೈ ಎತ್ತಿದವನು ಬೇಕರಿಯವನು. ಆಮೇಲೆ ನರ್ಸಮ್ಮ, ಆಮೇಲೆ ಒಬ್ಬೊಬ್ಬರೇ. ಮೇಷ್ಟ್ರು ಗೊಣಗುತ್ತಲೇ ಜೇಬಿಗೆ ಕೈ ಹಾಕಿದರು. ಟ್ಯಾಂಕಿನ ಏಣಿ ಇನ್ನು ಅವರ ಪಾಲಿಗೆ, ಪಾಪ. ಇವತ್ತು ಮೋಟಾರು ಹಾಕಿ ಬಂದೇ ಇದನ್ನು ಬರೆಯಲು ಕೂತಿದ್ದೇನೆ.

ಹೀಗಾಗಿ ಇದು ನಿನ್ನನ್ನು ಕೇಳುವ ಕಾಗದವಲ್ಲ, ನಿನಗೆ ತಿಳಿಸುವ ಕಾಗದ. ನಿನ್ನ ಪ್ರೀತಿ ನನಗೆ ಗೊತ್ತಿಲ್ಲದೆ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ನಿನ್ನ ಎದೆ ಧಸಕ್ಕೆನ್ನುತ್ತದೆ ಎಂಬುದೂ ಗೊತ್ತು. ಆದರೂ ನನ್ನ ಬಗ್ಗೆ ಮಾತಾಡುವುದಿದ್ದರೆ ನನ್ನ ಹತ್ತಿರವೇ ಮಾತಾಡು. ಇನ್ನೊಮ್ಮೆ ಮೇಷ್ಟ್ರಿಗೆ ಫೋನು ಮಾಡಿದೆಯೋ, ನಾನು ನಿನ್ನ ಆಫೀಸಿಗೆ ಫೋನು ಮಾಡಿ, ನಮ್ಮ ಹುಡುಗಿಗೆ ಶೀತವಾಗಿದೆ, ಇನ್ನು ಮೇಲೆ ಅವಳಿಗೆ ಯಾವ ಕೆಲಸವನ್ನೂ ಕೊಡಬೇಡಿ ಎನ್ನುತ್ತೇನೆ. ಹೇಗಿರುತ್ತದೆ ನೋಡು.

ಯಾರ ಮಾತನ್ನೂ ಕೇಳದ, ನಿನ್ನನ್ನು ನೆನೆಯದೆ ಮಲಗದ,
ಅಮ್ಮ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ನಾನು ಏಣಿಯಿಂದ ಬೀಳಲೇ ಇಲ್ಲ. ಅವತ್ತು ಬಿದ್ದದ್ದು ನನ್ನದೇ ಬಚ್ಚಲುಮನೆಯಲ್ಲಿ, ಮೋಟಾರು ಹಾಕಲು ಹೊರಡುವ ಮೊದಲು. ಕೆಲಸ ಮಾಡುತ್ತಾ ಬಿದ್ದೆ ಎಂದರೆ ಮರ್ಯಾದೆ, ಬಚ್ಚಲಲ್ಲಿ ಜಾರಿದೆ ಎಂದರೆ ಮುದುಕಿ. ಅದಕ್ಕೇ ನಿನಗೂ ಇಲ್ಲಿಯವರಿಗೂ ಸುಳ್ಳು ಹೇಳಿದೆ. ನಿಜ ಗೊತ್ತಿರುವುದು ಬೇಕರಿಯವನೊಬ್ಬನಿಗೇ. ಏಳಲಾಗದೆ, ಕೂಗಿದರೂ ಯಾರಿಗೂ ಕೇಳದೆ ಬಿದ್ದಿದ್ದೆ. ಟ್ಯಾಂಕು ಬರಿದಾಯಿತು, ಎಲ್ಲರ ಮನೆಯ ನಲ್ಲಿಯೂ ನಿಂತಿತು. ಮುಖದ ತುಂಬ ಸೋಪು ಹಚ್ಚಿಕೊಂಡಿದ್ದ ಅವನು, ಎಲ್ಲಿ ಹಾಳಾಗಿ ಹೋದ್ಲು ಈ ಮೋಟಾರಮ್ಮ ಎಂದು ಬಾಯಿಗೆ ಬಂದಂತೆ ಬೈಯುತ್ತಾ ಬಂದು ನನ್ನ ಬಾಗಿಲು ಒದ್ದ. ನನಗೆ ಪಾಳಿಯೇ ಇಲ್ಲದಿದ್ದರೆ, ಅವತ್ತು ನನ್ನನ್ನು ಬೈದುಕೊಂಡು ಯಾರು ಬರುತ್ತಿದ್ದರು ಹೇಳು?